ಚೈನ್ ಸಾ ಸ್ಟಾರ್ಟ್ ಆಗದಿದ್ದಾಗ ನಾನು ಮಾಡಿದ್ದು

ಇಂಡಿ ಹತ್ತಿರ ನಮ್ಮ ಲಿಂಬೆ ತೋಟ. ಬದುವಿನ ಬಳ್ಳಾರಿ ಜಾಲಿ ಕಡಿಯಲು ನಾಲ್ಕು ತಿಂಗಳ ನಂತರ ಮಷಿನ್ ಹೊರಗೆ ತೆಗೆದೆ. ಇಪ್ಪತ್ತು ಸಲ ಹಗ್ಗ ಎಳೆದರೂ ಸ್ಟಾರ್ಟ್ ಆಗಲಿಲ್ಲ. ಭುಜ ನೋಯತೊಡಗಿತು.

ಪಕ್ಕದ ಹೊಲದ ಕಾಕಾ ಬಂದು, "ಸುಮ್ನೆ ಎಳೀಬ್ಯಾಡೋ ತಮ್ಮಾ, ಮೊದಲು ಪ್ಲಗ್ ಬಿಚ್ಚಿ ನೋಡು" ಅಂದರು. ಅದೇ ಸರಿಯಾದ ದಾರಿ. ಪ್ಲಗ್ ಅಂದರೆ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್. ಅದು ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗಿದೆ. ಆಗ ಪ್ಲಗ್ ಒರೆಸಿ, ಚೋಕ್ (ಇಂಜಿನ್ನಿಗೆ ಹೋಗುವ ಗಾಳಿ ತಡೆಯುವ ಗುಂಡಿ) ಆಫ್ ಮಾಡಿ ಎಳೆಯಬೇಕು. ನನ್ನ ಪ್ಲಗ್ ಪೂರ್ತಿ ಒಣಗಿತ್ತು. ಅಂದರೆ ಪೆಟ್ರೋಲ್ ಬರುತ್ತಲೇ ಇಲ್ಲ, ಅಲ್ವಾ? ಆದರೂ ಪೆಟ್ರೋಲ್ ಕ್ಯಾನಿನಿಂದ ದೂರ ಹೋಗಿ, ಪ್ಲಗ್ಗನ್ನು ಇಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆದೆ. ನೀಲಿ ಕಿಡಿ ಚೆನ್ನಾಗಿಯೇ ಬಂತು.

ಇನ್ನು ಟ್ಯಾಂಕ್. ಬಾಗಿದ ತಂತಿಯಿಂದ ಒಳಗಿನ ಪೈಪ್ ಎಳೆದಾಗ ತುದಿಯ ಫಿಲ್ಟರ್ ಕಂದು ಬಣ್ಣದ ಅಂಟಿನಿಂದ ಕಟ್ಟಿಕೊಂಡಿತ್ತು. ಪೈಪ್ ಕೂಡ ಸೀಳಿತ್ತು. ಪೆಟ್ರೋಲ್ ಬದಲು ಗಾಳಿ ಎಳೆಯುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನೂ ಹಾಳು ಮಾಡುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟಿದ್ದು ನನ್ನದೇ ತಪ್ಪು.

ಪೇಟೆಯಿಂದ ಹೊಸ ಪೈಪ್, ಫಿಲ್ಟರ್ ತಂದು ಹಾಕಿದೆ. ಹಳೇ ಪೆಟ್ರೋಲ್ ಸುರಿದು ಹೊಸದು ತುಂಬಿದೆ. ನನ್ನ ಮಷಿನ್ನಿಗೆ ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ-ಸ್ಟ್ರೋಕ್ ಆಯಿಲ್ ಬೆರೆಸಬೇಕು. ನಿಮ್ಮದಕ್ಕೆ ಎಷ್ಟು ಅಂತ ಪುಸ್ತಕ ನೋಡಿಕೊಳ್ಳಿ. ಆಯಿಲ್ ಇಲ್ಲದೆ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ನಾಲ್ಕನೇ ಎಳೆತಕ್ಕೆ ಇಂಜಿನ್ ಗುಡುಗಿತು. ಸಂಜೆಯೊಳಗೆ ಅರ್ಧ ಬದು ಖಾಲಿಯಾಯಿತು.