ಹಿಂಜ್ ಮುರಿದದ್ದು ಯಾರ ತಪ್ಪಿಗೆ?

ಮಗಳ ಲ್ಯಾಪ್‌ಟಾಪ್ ಕೊಂಡು ಹನ್ನೊಂದು ತಿಂಗಳಾಗಿತ್ತು. 2023ರ ಜುಲೈನಲ್ಲಿ ಒಂದು ರಾತ್ರಿ ಅವಳು ಮುಚ್ಚಳ ತೆರೆದಾಗ ಎಡಮೂಲೆಯಲ್ಲಿ ಟಪ್ ಎಂದು ಸದ್ದಾಯಿತು. ಕೀಬೋರ್ಡಿನ ಆ ಮೂಲೆ ಕೆಳಗಿನ ಕವಚದಿಂದ ಬಿಟ್ಟುಕೊಂಡು ಬೆರಳು ತೂರುವಷ್ಟು ಬಾಯಿ ತೆರೆದಿತ್ತು. "ಅಪ್ಪಾ, ನಾನೇನೂ ಮಾಡಿಲ್ಲ, ದಿನಾ ತೆಗೆಯೋ ಹಾಗೇ ತೆಗೆದೆ" ಎಂದು ಅಳುಮುಖ ಮಾಡಿಕೊಂಡು ನಿಂತಳು. 46,000 ರೂಪಾಯಿ ಕೊಟ್ಟು ತಂದಿದ್ದ ಯಂತ್ರ. ತಪ್ಪು ತನ್ನದೇ ಇರಬೇಕು ಎಂಬ ಅವಳ ಅಂಜಿಕೆ ಈಗಲೂ ನನ್ನ ಕಣ್ಣಮುಂದಿದೆ.

ಮಾರನೆಯ ದಿನ ಅಂಗಡಿಗೆ ಹೋದೆ. ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ಅಂದರು. ಅಲ್ಲಿನ ಹುಡುಗ ಒಂದು ನಿಮಿಷವೂ ನೋಡಲಿಲ್ಲ. "ಸರ್, ಇದು ಫಿಸಿಕಲ್ ಡ್ಯಾಮೇಜ್. ವಾರಂಟಿಯಲ್ಲಿ ಬರಲ್ಲ." ಕೀಬೋರ್ಡ್ ಸಮೇತ ಮೇಲಿನ ಕವಚ, ಹಿಂಜ್ (ಮುಚ್ಚಳದ ಕೀಲು), ಕೂಲಿ ಎಲ್ಲ ಸೇರಿ 11,400 ರೂಪಾಯಿ ಎಂದು ಜಾಬ್ ಶೀಟ್ ಬರೆದುಕೊಟ್ಟ. ಬಿದ್ದ ಗುರುತಿಲ್ಲ, ಒಂದು ಗೀರೂ ಇಲ್ಲ, ಹಾಗಿದ್ದರೆ ಹಾನಿ ಮಾಡಿದ್ದು ಯಾರು ಅಂತ ಕೇಳಿದೆ. "ಒಳಗೆ ಪ್ಲಾಸ್ಟಿಕ್ ಮುರಿದಿದೆ ಸರ್, ಮುರಿದಿದ್ರೆ ಫಿಸಿಕಲ್ಲೇ" ಅಂದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮೇಲಿನವರು ಕಲಿಸಿದ್ದನ್ನೇ ಅವನು ಹೇಳುತ್ತಿದ್ದ.

ನಾನು ತುಮಕೂರಿನಲ್ಲಿ ಪಾಲಿಟೆಕ್ನಿಕ್‌ನ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುವವನು. ಮನೆಗೆ ಬಂದು ಹಿಂಬದಿಯ ಸ್ಕ್ರೂ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆದು, ಒಳಗೆ ನೋಡಿದೆ. ಉಕ್ಕಿನ ಹಿಂಜ್ ಗಟ್ಟಿಮುಟ್ಟಾಗಿತ್ತು. ಅದರ ತೋಳನ್ನು ಹಿಡಿದಿದ್ದದ್ದು ಸ್ಕ್ರೂ ಕಚ್ಚಿಕೊಳ್ಳುವ ಮೂರು ಪುಟ್ಟ ಹಿತ್ತಾಳೆ ಬುಷ್‌ಗಳು. ಪ್ಲಾಸ್ಟಿಕ್ಕಿನ ಕೊಳವೆಯಂಥ ಗೂಡುಗಳಲ್ಲಿ ಅವನ್ನು ಬಿಸಿ ಮಾಡಿ ಒತ್ತಿ ಕೂರಿಸಿರುತ್ತಾರೆ. ಮೂರೂ ಗೂಡುಗಳು ಬುಡಸಮೇತ ಕಿತ್ತು ಬಂದಿದ್ದವು. ಗೂಡಿನ ಗೋಡೆಯ ದಪ್ಪ ಒಂದು ಮಿಲಿಮೀಟರೂ ಇರಲಿಲ್ಲ.

ಲೆಕ್ಕ ಸರಳ. ಮುಚ್ಚಳದ ಎತ್ತರ ಸುಮಾರು 22 ಸೆಂ.ಮೀ., ಹಿಂಜಿನ ಕಂಬಿಯಿಂದ ಸ್ಕ್ರೂಗಿರುವ ದೂರ ಸುಮಾರು 2 ಸೆಂ.ಮೀ. ಮುಚ್ಚಳದ ಅಂಚಿಗೆ ಒಂದು ಕೆ.ಜಿ. ಬಲ ಬಿದ್ದರೆ ಸ್ಕ್ರೂಗಳ ಹತ್ತಿರ ಹನ್ನೊಂದು ಕೆ.ಜಿ. ಆಗುತ್ತದೆ. ಎರಡು ಹಿಂಜ್ ಹಂಚಿಕೊಂಡರೂ ಒಂದೊಂದರ ಪಾಲಿಗೆ ಐದೂವರೆ. ನಮ್ಮ ಲ್ಯಾಬಿನ ಸ್ಪ್ರಿಂಗ್ ತಕ್ಕಡಿ ತಂದು, ಇನ್ನೂ ಸರಿಯಿದ್ದ ಬಲಗಡೆಯ ಹಿಂಜನ್ನು ಹಾಗೇ ಬಿಟ್ಟು, ಎಡದ್ದನ್ನು ಬಿಚ್ಚಿ ಮುಚ್ಚಳದ ಅಂಚನ್ನು ಎಳೆದು ನೋಡಿದೆ. ಬಲಗಡೆಯದೊಂದೇ 450 ಗ್ರಾಂ ಬೇಡುತ್ತಿತ್ತು. ಎರಡೂ ಇದ್ದಾಗ ಸುಮಾರು 900. ಪರದೆ ತಾನಾಗಿ ಬೀಳದಿರಲು ಇದರ ಅರ್ಧ ಸಾಕು. ಬಿಗಿ ಹಿಂಜು, ತೆಳ್ಳನೆ ಗೂಡು: ದಿನಕ್ಕೆ ನಾಲ್ಕು ಸಲ ತೆಗೆದು ಮುಚ್ಚಿದರೂ ವರ್ಷಕ್ಕೆ ಸಾವಿರದ ನಾನೂರು ಎಳೆತ. ಪ್ಲಾಸ್ಟಿಕ್ ದಣಿಯದೆ ಇನ್ನೇನಾದೀತು? ಇದನ್ನು ಬಳಕೆಯ ತಪ್ಪು ಎನ್ನಲು ನನ್ನ ಮನಸ್ಸು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಆದರೂ ಮಗಳಿಗೆ ಯಂತ್ರ ಬೇಕಿತ್ತು. ಹಾಗಾಗಿ ರಿಪೇರಿಗೆ ಕೂತೆ. ಮೊದಲ ಕೆಲಸ, ಹಿಂಜಿನ ತುದಿಯಲ್ಲಿರುವ ನಟ್ಟನ್ನು ಕಾಲು ಸುತ್ತು ಸಡಿಲಿಸುವುದು. ಇದನ್ನು ಬಿಟ್ಟು ಬರೀ ಅಂಟು ಹಾಕಿದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಕಿತ್ತು ಬರುತ್ತದೆ, ಏಕೆಂದರೆ ಕೀಳುತ್ತಿರುವುದೇ ಆ ಬಿಗಿ. ಆಮೇಲೆ ಮುರಿದ ಜಾಗವನ್ನು ಸ್ಯಾಂಡ್ ಪೇಪರಿನಿಂದ ಒರಟು ಮಾಡಿ, ಸ್ಪಿರಿಟ್‌ನಲ್ಲಿ ಒರೆಸಿದೆ. ನುಣುಪು ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ. ಬುಷ್‌ಗಳನ್ನು ಹಿಂಜಿನ ತೋಳಿಗೇ ಸ್ಕ್ರೂ ಹಾಕಿ ಕೂರಿಸಿಕೊಂಡು, ಸ್ಕ್ರೂವಿನ ಸುತ್ತುಗಳೊಳಗೆ ಅಂಟು ಇಳಿಯದ ಹಾಗೆ ಸ್ವಲ್ಪ ಗ್ರೀಸ್ ಸವರಿ, ಎರಡು ಟ್ಯೂಬಿನ ಅರಾಲ್ಡೈಟ್ ಸಮಸಮ ಕಲಸಿ ಗೂಡುಗಳ ಸುತ್ತ ತುಂಬಿದೆ. ಅಂಟಿನೊಳಗೆ ಹತ್ತಿ ಬಟ್ಟೆಯ ಎಳೆಗಳನ್ನೂ ಅದ್ದಿ ಹಾಸಿದೆ, ಕಾಂಕ್ರೀಟಿಗೆ ಕಂಬಿ ಇದ್ದ ಹಾಗೆ. ಪರದೆಯ ಕೇಬಲ್ಲೂ ವೈಫೈನ ಸಪೂರ ತಂತಿಗಳೂ ಹಿಂಜಿನ ಪಕ್ಕದಲ್ಲೇ ಹಾಯುತ್ತವೆ. ಅವಕ್ಕೆ ಅಂಟು ತಾಗದಂತೆ ಕಾಗದ ಮಡಚಿ ಇಟ್ಟೆ. ಇಪ್ಪತ್ತನಾಲ್ಕು ಗಂಟೆ ಮುಟ್ಟಲಿಲ್ಲ. ಎಲ್ಲ ಸೇರಿ ಖರ್ಚು 350 ರೂಪಾಯಿ ದಾಟಲಿಲ್ಲ.

ಕೆಲಸ ಗಟ್ಟಿಯಾಗಿ ನಿಂತಿತು. ಆದರೆ ನಾನೊಂದು ದೊಡ್ಡ ತಪ್ಪು ಮಾಡಿದ್ದೆ: ಅಂಟು ಹಾಕುವ ಮೊದಲು ಒಂದೇ ಒಂದು ಫೋಟೋ ತೆಗೆದಿರಲಿಲ್ಲ.

ಅದರ ಬೆಲೆ ತಿಳಿದದ್ದು ಕಾನೂನು ಓದಿದ ಮೇಲೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವಿದೆ. ವಿನ್ಯಾಸದ ದೋಷಕ್ಕೆ ತಯಾರಕನೇ ಹೊಣೆ ಎಂದು 84ನೇ ಕಲಂ ಹೇಳುತ್ತದೆ. ಓದಿ ಹಿಗ್ಗಿದೆ. ಹಿಂದಿನ ಪುಟಕ್ಕೆ ತಿರುಗಿ 'ಹಾನಿ' ಎಂಬುದರ ವ್ಯಾಖ್ಯೆ ನೋಡಿದಾಗ ಆ ಹಿಗ್ಗು ಇಳಿಯಿತು. ವಸ್ತುವಿಗೇ ಆದ ಹಾನಿ ಅದರಲ್ಲಿ ಸೇರುವುದಿಲ್ಲ. ಬ್ಯಾಟರಿ ಸಿಡಿದು ಕೈ ಸುಟ್ಟರೆ ಆ ಅಧ್ಯಾಯ ಬರುತ್ತದೆ, ಲ್ಯಾಪ್‌ಟಾಪ್ ತಾನೇ ಮುರಿದುಕೊಂಡರೆ ಬರುವುದಿಲ್ಲ. ನಮ್ಮಂಥವರಿಗೆ ಇರುವ ದಾರಿ 'ದೋಷಯುಕ್ತ ಸರಕು' ಎಂಬ ಸಾಮಾನ್ಯ ದೂರು. ದೋಷ ಸಾಬೀತಾದರೆ ಸರಿಪಡಿಸಿ, ಬದಲಿಸಿ ಕೊಡಿ, ಇಲ್ಲವೇ ಹಣ ಹಿಂದಿರುಗಿಸಿ ಎಂದು ಜಿಲ್ಲಾ ಆಯೋಗ ಆದೇಶಿಸಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಕಣ್ಣಿಗೆ ಕಾಣದ ದೋಷವಾದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೂ ಕಳಿಸಬಹುದು. ನಾನು ಏನನ್ನು ಕಳಿಸಲಿ? ಸಾಕ್ಷಿಯನ್ನು ನನ್ನ ಕೈಯಾರೆ ಅರಾಲ್ಡೈಟಿನೊಳಗೆ ಹೂತುಬಿಟ್ಟಿದ್ದೆ.

ನವೆಂಬರ್‌ನಲ್ಲಿ ಬಲಗಡೆಯದೂ ಟಪ್ ಎಂದಿತು. ಎಡಗಡೆ ಸಡಿಲಿಸಿದ ನಾನು ಬಲಗಡೆಯ ನಟ್ಟನ್ನು ಮುಟ್ಟಿರಲಿಲ್ಲ. ಗಟ್ಟಿಯಾಗಿದೆಯಲ್ಲ ಎಂದು ಬಿಟ್ಟದ್ದು. ಈ ಸಲ ಸ್ಕ್ರೂ ಬಿಚ್ಚಿದ ಕೂಡಲೇ ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೋ ತೆಗೆದೆ, ಕಿತ್ತು ಬಂದ ಗೂಡುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟೆ. ತಕ್ಕಡಿಯ ಹಳೆಯ ಲೆಕ್ಕ, ವಾರಂಟಿ ಇರುವಾಗಲೇ ಕೊಟ್ಟ ಜುಲೈನ ಜಾಬ್ ಶೀಟ್ ಜೋಡಿಸಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಕಂಪನಿಯ ಮೊದಲ ಉತ್ತರ: ವಾರಂಟಿ ಮುಗಿದಿದೆ, ಮೇಲಾಗಿ ಗ್ರಾಹಕರು ಯಂತ್ರವನ್ನು ಬಿಚ್ಚಿದ್ದಾರೆ. ನಾನು ಬರೆದದ್ದು ಇಷ್ಟೇ: ನಾನು ಮುಟ್ಟಿದ ಕಡೆ ನಿಂತಿದೆ, ಮುಟ್ಟದ ಕಡೆ ಮುರಿದಿದೆ. ಮೂರು ವಾರದ ನಂತರ ಕವಚ, ಹಿಂಜ್ ಎರಡನ್ನೂ ಉಚಿತವಾಗಿ ಕೊಡುತ್ತೇವೆ, ಕೂಲಿ 1,500 ರೂಪಾಯಿ ನಿಮ್ಮದು ಎಂದರು. 'ಸೌಹಾರ್ದದ ದೃಷ್ಟಿಯಿಂದ' ಎಂಬ ಮಾತಿತ್ತು, 'ದೋಷ' ಎಂಬ ಮಾತು ಎಲ್ಲೂ ಇರಲಿಲ್ಲ. ಮಗಳ ಪರೀಕ್ಷೆ ಹತ್ತಿರವಿತ್ತು, ಒಪ್ಪಿಕೊಂಡೆ.

'ದೋಷ' ಎಂಬ ಪದ ಕಂಪನಿಗಳ ಬಾಯಿಂದ ಸುಲಭಕ್ಕೆ ಬರುವುದಿಲ್ಲ. ಆ್ಯಪಲ್ 2015ರಲ್ಲಿ ತಂದ ತೆಳು 'ಬಟರ್‌ಫ್ಲೈ' ಕೀಬೋರ್ಡಿನ ಕೀಲಿಗಳು ಧೂಳಿಗೆ ಕಚ್ಚಿಕೊಳ್ಳುತ್ತಿದ್ದವು. 2018ರ ಜೂನ್‌ನಲ್ಲಿ, ಖರೀದಿಯಿಂದ ನಾಲ್ಕು ವರ್ಷದವರೆಗೆ ಉಚಿತ ರಿಪೇರಿ ಎಂದು ಅದು ಘೋಷಿಸಿತು. 2022ರಲ್ಲಿ ಅಮೆರಿಕದ ಗ್ರಾಹಕರ ಸಾಮೂಹಿಕ ದಾವೆಯನ್ನು 5 ಕೋಟಿ ಡಾಲರಿಗೆ ಇತ್ಯರ್ಥ ಮಾಡಿಕೊಂಡಿತು, ಅದೂ ತಪ್ಪೊಪ್ಪಿಕೊಳ್ಳದೆ. ಅಷ್ಟಾದರೂ ನಡೆದದ್ದು ಸಾವಿರಾರು ಜನ ಒಂದೇ ದೋಷವನ್ನು ದಾಖಲೆ ಸಮೇತ ಹೇಳಿದ್ದರಿಂದ. ಇಲ್ಲಿ ನಾವು ಒಬ್ಬೊಬ್ಬರೇ ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗಳಿಗೆ ಹೋಗಿ, ಕೇಳಿದಷ್ಟು ಕೊಟ್ಟು, ಸುಮ್ಮನೆ ಮನೆಗೆ ಬರುತ್ತೇವೆ. ಯಂತ್ರ ಸರಿಯಾಗುತ್ತದೆ, ಆದರೆ ದೋಷದ ಲೆಕ್ಕ ಎಲ್ಲಿಯೂ ಬರೆದಿಟ್ಟಿರುವುದಿಲ್ಲ.

ಹೊಸ ಕವಚ ಬಂದಾಗ ನೋಡಿದೆ, ಅದೇ ತೆಳು ಗೂಡು. ಮಗಳ ಕೈಗೆ ಕೊಡುವ ಮೊದಲು ಎರಡೂ ನಟ್ಟುಗಳನ್ನು ಸಡಿಲಿಸಿ, ತಕ್ಕಡಿ 400 ಗ್ರಾಂ ತೋರಿಸುವವರೆಗೆ ಕೂತೆ.

ಹೋದ ತಿಂಗಳು ನಮ್ಮ ವಿಭಾಗದ ಮೇಡಂ ಒಬ್ಬರು ತಮ್ಮ ಲ್ಯಾಪ್‌ಟಾಪ್ ತಂದರು. "ತೆಗೆಯೋಕೆ ಬಿಗಿ ಅನ್ನಿಸ್ತಿದೆ ಸರ್, ನೀವೇ ಒಂಚೂರು ಸಡಿಲ ಮಾಡಿಕೊಡಿ" ಅಂದರು. ತಕ್ಕಡಿ ಹಾಕಿದರೆ 850. ವಾರಂಟಿ ಎರಡು ತಿಂಗಳು ಬಾಕಿಯಿತ್ತು. ನಾನು ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಇಬ್ಬರೂ ಸರ್ವಿಸ್ ಸೆಂಟರಿಗೆ ಹೋಗಿ, ಇನ್ನೂ ಮುರಿಯದ ಹಿಂಜಿನ ಬಗ್ಗೆ ದೂರು ಬರೆಸಿದೆವು. ಬರೆಯಲು ಅವರು ಹಿಂದೆಮುಂದೆ ನೋಡಿದರು. ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ ನಾವು. ಕೊನೆಗೆ ಜಾಬ್ ಶೀಟಿನಲ್ಲಿ ತಾರೀಖು ಹಾಕಿ "ಎರಡೂ ಹಿಂಜ್ ಬಿಗಿ, ಹೊರಗೆ ಯಾವ ಹಾನಿಯೂ ಇಲ್ಲ" ಎಂದು ಬರೆದು ಸೀಲು ಒತ್ತಿ ಕೊಟ್ಟರು.