ಎಸ್‌ಆರ್-22 ಮುಗಿದ ಮೇಲೆ ಕಾರ್ ಇನ್ಶೂರೆನ್ಸ್: ಬೇ ಏರಿಯಾಕ್ಕೆ ಹೊಸದಾಗಿ ಬಂದವರಿಗೆ

ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ ಈ ವಿಷಯವನ್ನು ಯಾರೂ ಜೋರಾಗಿ ಕೇಳುವುದಿಲ್ಲ. ಕೈ ತೊಳೆಯುವಾಗ ಒಬ್ಬರು ಪಕ್ಕಕ್ಕೆ ಬಂದು, "ಸರ್, ನನ್ನ ಎಸ್‌ಆರ್-22 ಮುಂದಿನ ತಿಂಗಳು ಮುಗಿಯುತ್ತೆ. ಪ್ರೀಮಿಯಂ ತಾನಾಗಿ ಇಳಿಯುತ್ತಾ?" ಅಂತ ಮೆಲ್ಲಗೆ ಕೇಳುತ್ತಾರೆ. ಎಸ್‌ಆರ್-22 ಅಂದರೆ ನಮ್ಮ ಹತ್ತಿರ ಪಾಲಿಸಿ ಇದೆ ಅಂತ ಇನ್ಶೂರೆನ್ಸ್ ಕಂಪನಿ ಕೊಡುವ ಪತ್ರ. ಅದು ಮುಗಿದರೆ ಪ್ರೀಮಿಯಂ ತಾನಾಗಿ ಇಳಿಯುತ್ತೆ ಅಂತ ನಂಬಿ ಕೂರಬೇಡಿ. ನಾವೇ ಕೇಳಿ ಇಳಿಸಿಕೊಳ್ಳಬೇಕು. ಇದು ತಿಳಿಯದೆ ನಾನು ಒಂದು ವರ್ಷಕ್ಕಿಂತ ಜಾಸ್ತಿ ಸುಮ್ನೆ ದುಡ್ಡು ಕಟ್ಟಿದ್ದೇನೆ. ನೀವು ಕಟ್ಟಬಾರದು ಅಂತ ಬರೆಯುತ್ತಿದ್ದೇನೆ.

ಅಪ್ಪನಿಗೆ ಹುಷಾರಿಲ್ಲ ಅಂತ ಹಾಸನಕ್ಕೆ ಹೋಗಿ ಎರಡು ತಿಂಗಳು ಇದ್ದೆ. ಅಷ್ಟರಲ್ಲಿ ಪ್ರೀಮಿಯಂ ಕಟ್ಟುತ್ತಿದ್ದ ಕಾರ್ಡಿನ ಅವಧಿ ಮುಗಿದು ಪಾಲಿಸಿ ರದ್ದಾಗಿತ್ತು. ಅದನ್ನು ತಿಳಿಸಿದ ಕಾಗದ ಅಂಚೆ ಡಬ್ಬಿಯಲ್ಲೇ ಬಿದ್ದಿತ್ತು. ವಾಪಸ್ ಬಂದ ನಾಲ್ಕನೇ ದಿನ ಸ್ಯಾನ್ ಹೋಸೆಯಲ್ಲಿ ಮುಂದಿನ ಕಾರಿಗೆ ಗುದ್ದಿದೆ. ಕ್ಯಾಲಿಫೋರ್ನಿಯಾದಲ್ಲಿ ಅಪಘಾತದಲ್ಲಿ ಯಾರಿಗಾದರೂ ಪೆಟ್ಟಾದರೆ, ಅಥವಾ 1,000 ಡಾಲರಿಗಿಂತ ಜಾಸ್ತಿ ನಷ್ಟವಾದರೆ, 10 ದಿನದೊಳಗೆ ಡಿಎಂವಿಗೆ (ಲೈಸೆನ್ಸ್, ವಾಹನ ನೋಂದಣಿ ನೋಡಿಕೊಳ್ಳುವ ರಾಜ್ಯದ ಇಲಾಖೆ) ಎಸ್‌ಆರ್-1 ಅನ್ನುವ ಅಪಘಾತ ವರದಿಯ ಫಾರಂ ಕೊಡಬೇಕು. ಆಗ ಇನ್ಶೂರೆನ್ಸ್ ಇರಲಿಲ್ಲ ಅಂತಾದರೆ ಲೈಸೆನ್ಸ್ ನಾಲ್ಕು ವರ್ಷದವರೆಗೂ ಸಸ್ಪೆಂಡ್ ಆಗಬಹುದು. ಒಂದು ವರ್ಷ ಕಳೆದ ಮೇಲೆ ಎಸ್‌ಆರ್-22 ಕೊಟ್ಟು, ಉಳಿದ ಮೂರು ವರ್ಷ ಅದನ್ನು ಬಿಡದೆ ಇಟ್ಟುಕೊಂಡರೆ ಲೈಸೆನ್ಸ್ ವಾಪಸ್ ಸಿಗುತ್ತದೆ. ನನಗೆ ಆದದ್ದು ಅದೇ.

ಎಸ್‌ಆರ್-22 ಅಂದರೆ ಬೇರೆ ಇನ್ಶೂರೆನ್ಸ್ ಅಲ್ಲ. "ಇವರ ಹತ್ತಿರ ಪಾಲಿಸಿ ಇದೆ" ಅಂತ ಕಂಪನಿಯವರು ಡಿಎಂವಿಗೆ ಕಳಿಸುವ ಒಂದು ಪತ್ರ, ಅಷ್ಟೇ. ಅದನ್ನು ಕಳಿಸುವ ಫೀ ಚಿಕ್ಕದು. ಪ್ರೀಮಿಯಂ ಏರುವುದು ಆ ಪತ್ರ ಯಾಕೆ ಬೇಕಾಯಿತೋ ಆ ಕಾರಣಕ್ಕೆ. ಹಾಗಾಗಿ ಪತ್ರದ ಅವಧಿ ಮುಗಿಯುವ ದಿನ ಬೇರೆ, ಡ್ರೈವಿಂಗ್ ರೆಕಾರ್ಡಿನಿಂದ ಪಾಯಿಂಟ್ (ತಪ್ಪಿಗೆ ಡಿಎಂವಿ ಹಾಕುವ ಅಂಕ) ಹೋಗುವ ದಿನ ಬೇರೆ. ಹೊಸಬರು ಎಡವುವುದೇ ಇಲ್ಲಿ. ನಮ್ಮ ತಪ್ಪಿನಿಂದಾದ ಅಪಘಾತದ ಪಾಯಿಂಟ್, ಸಾಮಾನ್ಯ ಟ್ರಾಫಿಕ್ ಟಿಕೆಟ್‌ನ ಪಾಯಿಂಟ್ ಸುಮಾರು ಮೂರು ವರ್ಷ ಲೆಕ್ಕಕ್ಕೆ ಬರುತ್ತದೆ. ಕುಡಿದು ಓಡಿಸಿದ್ದು 10 ವರ್ಷ ರೆಕಾರ್ಡಿನಲ್ಲಿ ಉಳಿಯುತ್ತದೆ.

ಮೊದಲು ಡಿಎಂವಿಯ ಆನ್‌ಲೈನ್ ಖಾತೆಯಿಂದ ನಿಮ್ಮ ಡ್ರೈವರ್ ರೆಕಾರ್ಡ್ ತೆಗೆಸಿ. ಎಸ್‌ಆರ್-22 ಯಾವತ್ತಿನವರೆಗೆ ಬೇಕು ಅಂತ ಡಿಎಂವಿಯವರನ್ನೇ ಕೇಳಿ. ಏಜೆಂಟ್ ಬಾಯಿಮಾತಿನಲ್ಲಿ ಹೇಳಿದ ತಾರೀಖು ಸಾಲದು. ಒಂದು ದಿನ ಮುಂಚೆ ತೆಗೆಸಿದರೂ ಕಂಪನಿ ಡಿಎಂವಿಗೆ ತಿಳಿಸುತ್ತದೆ, ಲೈಸೆನ್ಸ್ ಮತ್ತೆ ಸಸ್ಪೆಂಡ್ ಆಗುತ್ತದೆ. ತಾರೀಖು ದಾಟಿದ ಮೇಲೆ ಕಂಪನಿಗೆ ಫೋನ್ ಮಾಡಿ, ಎಸ್‌ಆರ್-22 ಫೈಲಿಂಗ್ ತೆಗೆಯಿರಿ ಅಂತ ಬರವಣಿಗೆಯಲ್ಲೂ ಕೇಳಿ.

ಆಮೇಲೆ ಬೇರೆ ಕಡೆ ವಿಚಾರಿಸಿ. ಕಷ್ಟದ ದಿನಗಳಲ್ಲಿ ನಮಗೆ ಪಾಲಿಸಿ ಕೊಟ್ಟ ಕಂಪನಿ ಹೆಚ್ಚಾಗಿ ಅಂಥ ಡ್ರೈವರ್‌ಗಳಿಗೇ ಮಾರುವಂಥದ್ದು. ಉಪಕಾರ ಮಾಡಿದರು ಅಂತ ಅಲ್ಲೇ ಉಳಿಯಬೇಕಿಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಇಲ್ಲಿ ನಮ್ಮ ಪರವಾಗಿದೆ. 1988ರಲ್ಲಿ ಮತದಾರರು ಒಪ್ಪಿದ ಪ್ರಪೊಸಿಷನ್ 103ರ ಪ್ರಕಾರ ಪ್ರೀಮಿಯಂ ಲೆಕ್ಕದಲ್ಲಿ ಮೊದಲು ಬರುವುದು ಡ್ರೈವಿಂಗ್ ರೆಕಾರ್ಡ್, ಆಮೇಲೆ ವರ್ಷಕ್ಕೆ ಓಡಿಸುವ ಮೈಲಿ, ನಂತರ ಓಡಿಸಿದ ಅನುಭವದ ವರ್ಷಗಳು. ಕ್ರೆಡಿಟ್ ಸ್ಕೋರ್ (ಸಾಲ ತೀರಿಸಿದ ಚರಿತ್ರೆಯ ಅಂಕ) ನೋಡುವಂತಿಲ್ಲ. ಲೈಸೆನ್ಸ್ ಸಿಕ್ಕಿ ಮೂರು ವರ್ಷವಾಗಿ, ಆ ಮೂರು ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಪಾಯಿಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ "ಗುಡ್ ಡ್ರೈವರ್" ಅನ್ನಿಸಿಕೊಳ್ಳುತ್ತೀರಿ. ಅವರಿಗೆ ಕನಿಷ್ಠ 20 ಶೇಕಡ ರಿಯಾಯಿತಿ ಕೊಡಲೇಬೇಕು. ಕುಡಿದು ಓಡಿಸಿ ಶಿಕ್ಷೆಯಾದವರಿಗೆ ಮಾತ್ರ 10 ವರ್ಷ ಇದು ಸಿಗುವುದಿಲ್ಲ. ಅಂಥವರೂ ವಿಚಾರಿಸುವುದನ್ನು ಬಿಡಬೇಡಿ. ಒಂದೇ ರೆಕಾರ್ಡಿಗೆ ಕಂಪನಿಯಿಂದ ಕಂಪನಿಗೆ ರೇಟು ತುಂಬಾ ಬೇರೆ ಇರುತ್ತದೆ.

ರಾಜ್ಯದ ಇನ್ಶೂರೆನ್ಸ್ ಇಲಾಖೆಯ ಸೈಟಿನಲ್ಲಿ ರೇಟು ಹೋಲಿಸಿ ನೋಡಬಹುದು. ಹಲವು ಕಂಪನಿಗಳ ಪಾಲಿಸಿ ಮಾರುವ ಬ್ರೋಕರ್ ಒಬ್ಬರನ್ನೂ ಕೇಳಿ. ಎಲ್ಲ ಕಡೆ ಒಂದೇ ಕವರೇಜ್‌ಗೆ ಕೊಟೇಶನ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಮನೆಯಿಂದ ಕೆಲಸ ಮಾಡುತ್ತಿದ್ದರೆ, ಕ್ಯಾಲ್‌ಟ್ರೇನ್‌ನಲ್ಲಿ ಓಡಾಡುತ್ತಿದ್ದರೆ, ಮೈಲಿ ಲೆಕ್ಕ ಸರಿಪಡಿಸಿ. ನನಗೆ ದೊಡ್ಡ ಉಳಿತಾಯ ಬಂದದ್ದು ಅದರಿಂದ. ಹಳೇ ಪಾಯಿಂಟನ್ನು ಮುಚ್ಚಿಡಬೇಡಿ. ಅವರು ರೆಕಾರ್ಡ್ ನೋಡೇ ನೋಡುತ್ತಾರೆ.

ಅಗ್ಗ ಅಂತ ಲಯಬಿಲಿಟಿ (ನಮ್ಮಿಂದ ಬೇರೆಯವರಿಗಾದ ನಷ್ಟಕ್ಕೆ ಕೊಡುವ ಕವರೇಜ್) ಕಡಿಮೆ ಮಾಡಬೇಡಿ. 2025ರ ಜನವರಿಯಿಂದ ಇಲ್ಲಿನ ಕನಿಷ್ಠ ಮಿತಿ 30/60/15. ಅಂದರೆ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಅಪಘಾತದಲ್ಲಿ ಗಾಯಗೊಂಡ ಎಲ್ಲರಿಗೂ ಸೇರಿ 60,000, ಎದುರಿನವರ ಕಾರು ವಗೈರೆಗೆ 15,000. ನಮ್ಮ ರಸ್ತೆಗಳಲ್ಲಿ ಓಡುವ ಕಾರುಗಳ ಬೆಲೆ ನೋಡಿದ್ದೀರಲ್ವಾ? 15,000 ಎಲ್ಲಿಗೂ ಸಾಲದು. ಬದಲಿಗೆ ಡಿಡಕ್ಟಿಬಲ್ (ರಿಪೇರಿಯಲ್ಲಿ ಮೊದಲು ನಮ್ಮ ಕೈಯಿಂದ ಕೊಡುವ ಪಾಲು) ಜಾಸ್ತಿ ಮಾಡಿ. ಕಾರು ತೀರಾ ಹಳೆಯದಾಗಿದ್ದರೆ ಕೊಲಿಷನ್ (ಗುದ್ದಿದಾಗ ನಮ್ಮ ಕಾರಿನ ರಿಪೇರಿಗೆ ಇರುವ ಕವರೇಜ್) ತೆಗೆಸಿ. ಸ್ಯಾನ್ ಫ್ರಾನ್ಸಿಸ್ಕೋ, ಓಕ್‌ಲೆಂಡ್ ಕಡೆ ರಸ್ತೆಬದಿ ನಿಲ್ಲಿಸುವವರು ಕಾಂಪ್ರಿಹೆನ್ಸಿವ್ (ಕಳ್ಳತನ, ಗಾಜು ಒಡೆಯುವಂಥ ನಷ್ಟಕ್ಕೆ ಇರುವ ಕವರೇಜ್) ಇಟ್ಟುಕೊಳ್ಳಿ. ಒಡೆದ ಗಾಜಿಗೆ ಅದು ಬೇಕು. ಒಳಗಿದ್ದ ಲ್ಯಾಪ್‌ಟಾಪ್ ಹೋದರೆ ಕೇಳಬೇಕಾದ್ದು ರೆಂಟರ್ಸ್ ಇನ್ಶೂರೆನ್ಸ್‌ನವರನ್ನು (ಬಾಡಿಗೆ ಮನೆಯವರ ಸಾಮಾನಿಗೆ ಮಾಡಿಸುವ ಇನ್ಶೂರೆನ್ಸ್).

ಒಬ್ಬರ ಸಂಬಳದಲ್ಲಿ ಸಂಸಾರ ನಡೆಸುವವರು ರಾಜ್ಯದ್ದೇ ಆದ ಲೋ ಕಾಸ್ಟ್ ಆಟೋ ಯೋಜನೆಗೆ ಅರ್ಹತೆ ಇದೆಯೇ ನೋಡಿಕೊಳ್ಳಿ. ಆದಾಯದ ಮಿತಿ ಇದೆ.

ಹೊಸ ಪಾಲಿಸಿ ಶುರುವಾದ ಕಾಗದ ಕೈಗೆ ಬಂದ ಮೇಲೆಯೇ ಹಳೆಯದನ್ನು ನಿಲ್ಲಿಸಿ. ನಡುವೆ ಒಂದು ದಿನವೂ ಖಾಲಿ ಬಿಡಬೇಡಿ. ಊರಿಗೆ ಹೋಗುವ ಟಿಕೆಟ್ ತೆಗೆದ ದಿನವೇ ಪ್ರೀಮಿಯಂ ಕಟ್ಟುವ ಕಾರ್ಡಿನ ತಾರೀಖು ನೋಡಿ. ಕಾರನ್ನು ಗ್ಯಾರೇಜಿನಲ್ಲಿಟ್ಟು ಇನ್ಶೂರೆನ್ಸ್ ನಿಲ್ಲಿಸಿ ಹೋಗುವುದಾದರೆ, ಮೊದಲು ಡಿಎಂವಿಗೆ ಅಫಿಡವಿಟ್ ಆಫ್ ನಾನ್-ಯೂಸ್ (ಕಾರು ಓಡಿಸುವುದಿಲ್ಲ ಅನ್ನುವ ಹೇಳಿಕೆ) ಸಲ್ಲಿಸಬೇಕು. ಆದರೆ ಎಸ್‌ಆರ್-22 ಇನ್ನೂ ನಡೆಯುತ್ತಿರುವವರು ಆ ದಾರಿ ಹಿಡಿಯಬೇಡಿ, ಪಾಲಿಸಿ ನಡೆಯುತ್ತಲೇ ಇರಲಿ. ಪಕ್ಕದ ಮನೆಯವರಿಗೋ ಸ್ನೇಹಿತರಿಗೋ ಅಂಚೆ ಡಬ್ಬಿಯ ಬೀಗದ ಕೈ ಕೊಟ್ಟು, ವಾರಕ್ಕೊಮ್ಮೆ ಕಾಗದಗಳ ಫೋಟೋ ಕಳಿಸಲು ಹೇಳಿ ಹೊರಡಿ.