ತಂತಿ ಗಟ್ಟಿಯಾಗಿದೆ, ಹಲ್ಲು ಮಾತ್ರ ಸರಿಯುತ್ತಿದೆ: ಮನೆಯಲ್ಲೇ ಪತ್ತೆ ಹಚ್ಚುವುದು ಹೇಗೆ?

ಶಿರಸಿಯ ಮನೆಯಲ್ಲಿ ಕಪಾಟು ಒರೆಸುವಾಗ ಒಂದು ನೀಲಿ ಡಬ್ಬಿ ಸಿಕ್ಕಿತು. ಒಳಗೆ ನನ್ನ ಹಳೆಯ ಪ್ಲಾಸ್ಟಿಕ್ ರಿಟೇನರ್, ಅಂದರೆ ನೇರ ಮಾಡಿದ ಹಲ್ಲು ಮತ್ತೆ ಸರಿಯದಂತೆ ಹಾಕಿಕೊಳ್ಳುವ ಕವಚ. ಒಂಬತ್ತು ವರ್ಷದ ಹಿಂದೆ, ಹಲ್ಲಿನ ಕ್ಲಿಪ್ ತೆಗೆದಾಗ ಕೊಟ್ಟಿದ್ದು. ಸುಮ್ನೆ ಹಾಕಿ ನೋಡಿದೆ. ಎಡಗಡೆ ಟಕ್ ಅಂತ ಕೂತಿತು. ಬಲಗಡೆ ಕೋರೆಹಲ್ಲಿನ ಹತ್ತಿರ ಎದ್ದೇ ನಿಂತಿತು.

ಅದೇ ಕೆಲಸಕ್ಕೆ ಕೆಳಹಲ್ಲಿನ ಹಿಂದೆ ಅಂಟಿಸಿದ ತಂತಿ ಮಾತ್ರ ಒಂದು ಕಡೆಯೂ ಬಿಟ್ಟಿರಲಿಲ್ಲ. ತಂತಿ ಇದೆಯಲ್ಲ, ಇನ್ನೇನು ಚಿಂತೆ ಅಂತ ಇಷ್ಟು ವರ್ಷ ಆರಾಮಾಗಿದ್ದೆ.

ಅಂಟು ಬಿಟ್ಟರೆ ಹಲ್ಲು ಸರಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಇದು ಬೇರೆ ಕಥೆ. ಕೋರೆಹಲ್ಲಿನಿಂದ ಕೋರೆಹಲ್ಲಿಗೆ, ಆರು ಹಲ್ಲಿಗೆ ಅಂಟಿಸುವ ಈ ತಂತಿ ಹೆಚ್ಚಾಗಿ ಒಂದೇ ಎಳೆಯದ್ದಲ್ಲ. ಅರ್ಧ ಮಿಲಿಮೀಟರಿನಷ್ಟು ದಪ್ಪದಲ್ಲೇ ಹಲವು ಎಳೆ ಸೇರಿಸಿ ಹುರಿ ಹಾಕಿರುತ್ತಾರೆ, ಕತ್ತದ ಹಗ್ಗದ ಹಾಗೆ. ಅಂಟಿಸುವಾಗ ತಂತಿ ಸ್ವಲ್ಪ ಬಿಗಿದಿದ್ದರೆ, ಅಥವಾ ಗಟ್ಟಿ ಪದಾರ್ಥ ಕಚ್ಚಿ ಕಚ್ಚಿ ಬಾಗಿದರೆ, ಇಲ್ಲವೇ ಹುರಿ ನಿಧಾನ ಬಿಚ್ಚತೊಡಗಿದರೆ, ಹಲ್ಲು ಹಿಡಿದಿಡಬೇಕಾದ ತಂತಿಯೇ ಸ್ಪ್ರಿಂಗ್ ಆಗಿ ಹಲ್ಲನ್ನು ತಳ್ಳುತ್ತದೆ. 2007ರಲ್ಲೇ ನೆದರ್ಲೆಂಡ್ಸಿನ ವೈದ್ಯರು ಇಂಥ ರೋಗಿಗಳ ಬಗ್ಗೆ ಬರೆದಿದ್ದಾರೆ. ಎಲ್ಲರಿಗೂ ಆಗುವಂಥದ್ದಲ್ಲ. ಆದರೆ ನೋವಿರುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ.

ನೋಡಿಕೊಳ್ಳುವುದಕ್ಕೆ ಬೇಕಾದದ್ದು ಮೊಬೈಲ್, ಟಾರ್ಚ್, ಸಣ್ಣ ಕನ್ನಡಿ, ಹತ್ತು ನಿಮಿಷ.

ಮೊದಲು ಹಲ್ಲುಜ್ಜಿ. ಟಾರ್ಚ್ ಹಿಡಿದು, ತಂತಿ ಮೇಲಿನ ಒಂದೊಂದು ಅಂಟಿನ ಚುಕ್ಕಿಯನ್ನೂ ಎಣಿಸಿ. ನಾಲಿಗೆ ಆಡಿಸಿದಾಗ ಎಲ್ಲಾದರೂ ಚುಚ್ಚಿದರೆ ಅಲ್ಲಿ ಬಿಟ್ಟಿದೆ ಅಂತಲೇ ಲೆಕ್ಕ. ಎಲ್ಲ ಗಟ್ಟಿ ಇದ್ದರೆ ಅಲ್ಲಿಗೇ ನಿಲ್ಲಿಸಬೇಡಿ. ನಾನು ಎಡವಿದ್ದು ಅಲ್ಲೇ.

ಆಮೇಲೆ ಫೋಟೋ. ತುಟಿ ಸರಿಸಿ ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು, ಗಲ್ಲ ಕೆಳಗೆ ಮಾಡಿ ಮೇಲಿನಿಂದ ಒಂದು. ಕ್ಲಿಪ್ ತೆಗೆದ ದಿನದ ಫೋಟೋ ಪಕ್ಕಕ್ಕೆ ಇಟ್ಟು ನೋಡಿ. ಎರಡು ಗುರುತು ಮುಖ್ಯ. ಒಂದು, ಅಕ್ಕಪಕ್ಕದ ಎರಡು ಬಾಚಿಹಲ್ಲುಗಳಲ್ಲಿ ಒಂದು ಹೊರಗೆ ವಾಲಿ, ಇನ್ನೊಂದು ಒಳಗೆ ವಾಲಿರುವುದು. ಇನ್ನೊಂದು, ಒಂದು ಬದಿಯ ಕೋರೆಹಲ್ಲು ತುಟಿ ಕಡೆಗೆ, ಎದುರು ಬದಿಯದ್ದು ನಾಲಿಗೆ ಕಡೆಗೆ ತಿರುಗಿರುವುದು. ಇದಕ್ಕೆ ವೈದ್ಯರು ಟ್ವಿಸ್ಟ್ ಎಫೆಕ್ಟ್ ಅನ್ನುತ್ತಾರೆ. ನನಗಾಗಿದ್ದು ಇದು.

ವಸಡನ್ನೂ ನೋಡಿ. ಒಂದೇ ಹಲ್ಲು ಪಕ್ಕದ್ದಕ್ಕಿಂತ ಉದ್ದ ಕಂಡರೆ ವಸಡು ಕೆಳಗೆ ಇಳಿದಿದೆ, ಅಂದರೆ ಬೇರು ಮೂಳೆಯಿಂದ ಹೊರಗೆ ಬರುತ್ತಿರಬಹುದು. ಚಂದದ ಪ್ರಶ್ನೆ ಆಮೇಲೆ, ತಡಮಾಡಬಾರದ್ದು ಇದಕ್ಕೆ.

ಹಳೆಯ ಪ್ಲಾಸ್ಟಿಕ್ ರಿಟೇನರ್ ಇದ್ದರೆ ಮೆಲ್ಲಗೆ ಕೂರಿಸಿ ನೋಡಿ. ಕೂರದಿದ್ದರೆ ಒತ್ತಬೇಡಿ. ಬಿಸಿನೀರಲ್ಲಿ ತೊಳೆದು ಅದೇ ಸೊಟ್ಟಗಾಗಿರಲೂಬಹುದು, ಅದಕ್ಕೇ ಫೋಟೋ ಜೊತೆಗೆ ತಾಳೆ ನೋಡಬೇಕು.

ನಮ್ಮ ಕಡೆಯ ಬಾಯಿಗಳಿಗೆ ಒಂದೆರಡು ಮಾತು. ಅಪ್ಪೆಮಿಡಿಯನ್ನು ಇಡೀ ಮುಂಹಲ್ಲಲ್ಲಿ ಕಚ್ಚುವವರು, ಕಾರವಾರದಲ್ಲಿ ಏಡಿಕಾಲು ಹಲ್ಲಲ್ಲೇ ಒಡೆಯುವವರು, ಕವಳಕ್ಕೆ ಅಡಿಕೆ ಕಟಕಟ ಅನ್ನಿಸುವವರು, ಇವರೆಲ್ಲ ತಂತಿಗೆ ದಿನಾ ಸುತ್ತಿಗೆ ಏಟು ಕೊಟ್ಟಂತೆ. ಏಡಿಗೆ ಅಡಕತ್ತರಿ ಸಾಕು, ಮಿಡಿಯನ್ನು ಹೋಳು ಮಾಡಿ. ಅಡಿಕೆ ಬಿಡಿ ಅಂತ ಹೇಳಿದರೆ ಅಜ್ಜಿ ಬಿಡುತ್ತಾರಾ? ಆದರೆ ತಂತಿ ಇರುವ ಮೊಮ್ಮಕ್ಕಳಾದರೂ ಬಿಡಲಿ, ಬಾಯಿ ಕ್ಯಾನ್ಸರ್ ಭಯವೂ ಇದೆಯಲ್ವಾ.

ಏನಾದರೂ ಬದಲಾವಣೆ ಕಂಡರೆ ತಂತಿಯನ್ನು ನೀವೇ ಕೀಳಲು ಹೋಗಬೇಡಿ, ಬೆರಳಲ್ಲಿ ಹಲ್ಲನ್ನು ಒಳಗೆ ತಳ್ಳಲೂಬೇಡಿ. ಆರ್ಥೋಡಾಂಟಿಸ್ಟ್, ಅಂದರೆ ಕ್ಲಿಪ್ ಹಾಕುವ ಹಲ್ಲಿನ ತಜ್ಞರ ಹತ್ತಿರ ಹೋಗಿ. ಅವರು ಸಾಮಾನ್ಯವಾಗಿ ಮೊದಲು ತಂತಿ ತೆಗೆಯುತ್ತಾರೆ. ಸ್ಪ್ರಿಂಗ್ ಇರುವವರೆಗೆ ತಳ್ಳುವುದು ನಿಲ್ಲುವುದಿಲ್ಲ. ಬೇಗ ಸಿಕ್ಕಿದರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯುತ್ತದೆ. ತಡವಾದರೆ ಮತ್ತೆ ಕ್ಲಿಪ್, ವಸಡು ಇಳಿದಿದ್ದರೆ ವಸಡಿನ ತಜ್ಞರೂ ಬೇಕಾಗಬಹುದು. ಹೊಸ ತಂತಿ ಹಾಕುವಾಗ ಬಿಗಿಯಿಲ್ಲದೆ, ಹಲ್ಲಿಗೆ ತಾನಾಗಿಯೇ ಒರಗುವಂತೆ ಕೂರಬೇಕು. ರಾತ್ರಿಗೆ ಪ್ಲಾಸ್ಟಿಕ್ ರಿಟೇನರ್ ಕೂಡ ಬೇಕಾ ಅಂತ ಕೇಳಿ. ನನಗೆ ಎರಡೂ ಕೊಟ್ಟರು.

ಹೋಗುವಾಗ ಹಳೆಯ ಫೋಟೋ, ಎಕ್ಸ್‌ರೇ, ರಿಟೇನರ್ ಡಬ್ಬಿ ಜೊತೆಗಿರಲಿ. ಪಿಒಪಿಯ ಹಲ್ಲಿನ ಅಚ್ಚು ಇದ್ದರೆ ಇನ್ನೂ ಒಳ್ಳೆಯದು. ನಾನು ನೂರು ಕಿಲೋಮೀಟರ್ ಬಸ್ಸಲ್ಲಿ ಹುಬ್ಬಳ್ಳಿಗೆ ಹೋಗಿ ಕುರ್ಚಿ ಮೇಲೆ ಬಾಯಿ ತೆರೆದಾಗ ನೆನಪಾಯ್ತು, ನೀಲಿ ಡಬ್ಬಿ ಶಿರಸಿಯ ಕಪಾಟಿನಲ್ಲೇ ಇತ್ತು.